ಹೋರಿ ಗೆರೆ ದಾಟಿತ್ತೆ?

ದೀಪಾವಳಿಗೆ ನಮ್ಮ ಹಾನಗಲ್ಲ ಸೀಮೆಯಲ್ಲಿ ಹೋರಿ ಬೆದರಿಸುತ್ತಾರೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸುತ್ತಾರೆ. ಸುಣ್ಣದ ಗೆರೆ ದಾಟುವುದರೊಳಗೆ ಯಾರಾದರೂ ಕೊಬ್ಬರಿ ಹರಿದರೆ ಹೋರಿ ಸೋತಂತೆ. ಯುದ್ಧದ ಕಾಲ, ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಆ ಸಲ ಅಪ್ಪನ ಹೋರಿಯ ಕೊಬ್ಬರಿ ಹರಿದವರು ಅಕ್ಕನ ಗಂಡ, ಹಿರೇಕೆರೂರು ಕಡೆಯ ನಮ್ಮ ಭಾವ.

"ಗೆರಿ ದಾಟಿದ ಮ್ಯಾಲ ಹರದೀಯೋ!" ಎಂದ ಅಪ್ಪ.

"ಮಾವಾರ, ನಾ ಅದರ ಕೊಳ್ಳಿಗೆ ಜೋತುಬಿದ್ದಿದ್ನಿರಿ. ಗೆರಿ ಇನ್ನೂ ಮುಂದ ಇತ್ತು."

"ಊರಾಗ ಇಷ್ಟ್ ಹೋರಿ ಇದ್ದು, ಮಾವನ ಹೋರೀನ ಬೇಕಾತೇನು ನಿನಗ?"

ಭಾವ ಕೊಬ್ಬರಿ ಅಲ್ಲೇ ಎಸೆದು ಹೋದರು. ಗೆರೆಯ ಬದಿಗೆ ಅಪ್ಪನ ಜೊತೆ ನಿಂತಿದ್ದ ನನಗೂ ಅಪ್ಪನಿಗೆ ಕಂಡಂತೆಯೇ ಕಂಡಿತ್ತು: ಕೊಬ್ಬರಿ ಫಕ್ಕನೆ ಬೆಳ್ಳಗೆ ಹಾರಿದಾಗ ಹೋರಿಯ ಕೊಂಬು ಗೆರೆಯಾಚೆ. ನೆನೆದಷ್ಟೂ ಅದು ಇನ್ನಷ್ಟು ಆಚೆ ಕಾಣುತ್ತಿತ್ತು. ನನ್ನ ಕಣ್ಣಿನ ಮೇಲೇ ನನಗೆ ಅನುಮಾನ ಬಂದದ್ದು ಅದಕ್ಕೇ.

ಮುಂದಿನ ಶ್ರಾವಣದಲ್ಲಿ ನಾಗರಪಂಚಮಿ ಬಂತು. ಮಗಳಿಗೆ ಕೊಬ್ಬರಿ ಮತ್ತು ಕುಬಸ, ಅಂದರೆ ರವಿಕೆಯ ಕಣ, ಕಳಿಸಿ ತವರಿಗೆ ಕರೆಯಬೇಕು. ಅಪ್ಪ ಆ ಮಾತೇ ಎತ್ತಲಿಲ್ಲ. ಅವ್ವ ಉಂಡಿಗೆ ಎಳ್ಳು ಹುರಿಯುತ್ತ ಮೂಗೊರೆಸಿಕೊಳ್ಳುತ್ತಿದ್ದಳು.

ಹಬ್ಬಕ್ಕೆ ಊರಿಗೆ ಬಂದಿದ್ದ ನಾನು, ಆ ಅನುಮಾನ ಪರೀಕ್ಷಿಸಲು, ಪಡಸಾಲೆಯಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಗಾಲಿಗೊಂದು ಬಿಳಿ ಚಿಂದಿ ಕಟ್ಟಿದೆ. ಚಿಂದಿ ಎದುರಿಗೆ ಬಂದ ಕ್ಷಣ ಬ್ಯಾಟರಿಯ ಸಣ್ಣ ದೀಪ ಮಿನುಗುವಂತೆ ತಂತಿ ಜೋಡಿಸಿದೆ.

"ಯುದ್ಧದಾಗ ಬ್ಯಾಟರಿಗೆ ಶೆಲ್ ಸಿಗವಲ್ವು, ಇಂವ ಸೈಕಲ್ಲಿಗೆ ಆರತಿ ಮಾಡಾಕತ್ತಾನ," ಎಂದ ಅಪ್ಪ. ಆದರೂ ಬಂದು ಕೂತ.

ನಿಧಾನ ತಿರುಗಿಸಿದರೆ ಚಿಂದಿಯೂ ದೀಪವೂ ಎದುರುಬದುರು. ಜೋರಾಗಿ ತಿರುಗಿಸಿದರೆ, ದೀಪ ಮಿನುಗುವಷ್ಟರಲ್ಲಿ ಚಿಂದಿ ಮುಂದೆ ಹೋದಂತೆ ಕಾಣುತ್ತಿತ್ತು.

"ದೀಪ ತಡಾ ಮಾಡಿ ಹತ್ತಿರಬೇಕು," ಎಂದ ಅಪ್ಪ.

ಇರಬಹುದು, ಆ ಸಂಶಯ ನನಗೂ ಇತ್ತು. "ಓಡೂದನ್ನ ಕಣ್ಣು ಒಂಚೂರು ಮುಂದ ದೂಡಿ ತೋರಸ್ತೈತೇನೋ ಅಪ್ಪಾ. ಹೋರಿ ಕೊಂಬೂ ಹಂಗ ಗೆರಿ ಆಚೆ ಕಂಡಿರಬೇಕು," ಎಂದೆ.

"ಹಂಗಾದ್ರ ನಿಮ್ಮ ಭಾವಗ ಯಾಕ ಹಂಗ ಕಾಣಲಿಲ್ಲ?"

"ನಾವು ನಿಂತು ನೋಡಿದ್ವಿ. ಅವರು ಹೋರಿ ಜೋಡಿನ ಓಡಾಕತ್ತಿದ್ರು."

ಅಪ್ಪ ತಾನೇ ಗಾಲಿ ತಿರುಗಿಸಿದ. ಮತ್ತೆ ತಿರುಗಿಸಿದ. "ಹೋರಿ ಗೆರಿ ದಾಟಿತ್ತು. ಅದು ಬ್ಯಾರೆ ಮಾತು," ಎನ್ನುತ್ತ ಒಳಗೆ ಹೋಗಿ, ಕುಬಸದ ಕಣದ ಮೇಲೆ ಎರಡು ಕೊಬ್ಬರಿ ಇಟ್ಟು ತಂದು ನನ್ನ ಕೈಗೆ ಕೊಟ್ಟ.

"ಒಂದು ಅಕ್ಕಗ. ಇನ್ನೊಂದು ಅವಗ. ಹರಕೊಳ್ಳೂದು ಬ್ಯಾಡ, ನಾನ ಕೊಟ್ಟೇನಂತ ಹೇಳು."