ಬೋಣಿ ಮೀನು

ಶನಿವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಗಂಡ ಮಜ್ಜಿಗೆ ಲೋಟ ಕೆಳಗಿಟ್ಟು, ತುಟಿ ಜುಮ್ ಅಂತಿದೆ ಅಂದರು. ಗಂಟೆ ಇಷ್ಟು ನಿಖರವಾಗಿ ನೆನಪಿರುವುದಕ್ಕೆ ಕಾರಣ ಮಗಳು. ಕೆಳಗಿನ ಮಹಡಿಗೆ ಡ್ಯಾನ್ಸ್ ಪ್ರಾಕ್ಟೀಸಿಗೆ ಹೋದವಳು ಎರಡೂವರೆಗೆ ಊಟಕ್ಕೆ ಬರಬೇಕಿತ್ತು, ಬಂದಿರಲಿಲ್ಲ. ನಾನು ಮೈಕ್ರೊವೇವಿನ ಗಡಿಯಾರ ನೋಡುತ್ತ ಗೊಣಗುತ್ತಿದ್ದೆ.

ಅವರು ಈಗ ಚೆನ್ನಾಗಿದ್ದಾರೆ. ಈ ಕಥೆಯನ್ನು ಯಾರಿಗೆ ಹೇಳಿದರೂ ಮೊದಲು ಇದನ್ನೇ ಹೇಳುತ್ತೇನೆ. ಕೇಳುವವರಿಗಿಂತ ಹೆಚ್ಚಾಗಿ ನನಗೇ ಅದನ್ನು ಕೇಳಬೇಕಾಗಿರುತ್ತದೆ. ನಾನಿದನ್ನು ಬರೆಯುತ್ತಿರುವಾಗ ಅವರು ಬಾಲ್ಕನಿಯಲ್ಲಿ ಕೂತು ಗಾಳದ ದಾರದ ಸಿಕ್ಕು ಬಿಡಿಸುತ್ತಿದ್ದಾರೆ. ಮಧ್ಯೆ ಮಧ್ಯೆ ಕೆಮ್ಮುತ್ತಾರೆ. ಆ ಕೆಮ್ಮು ಕೇಳಿದರೆ ನನಗೆ ಹಿತ.

ಅವರ ಊರು ನಾಗಮಂಗಲದ ಕಡೆ. ಮನೆಯ ಹಿಂದೆಯೇ ಕೆರೆ. ಹುಡುಗನಾಗಿದ್ದಾಗ ಸೋದರಮಾವನ ಜೊತೆ ಏರಿಯ ಮೇಲೆ ಕೂತು, ಎರೆಹುಳ ಸಿಕ್ಕಿಸಿ, ನೀರಿನ ಮೇಲಿನ ಬೆಂಡನ್ನೇ ನೋಡುತ್ತ ದಿನ ಕಳೆದವರು. ಮಾವ ಕಲಿಸಿದ ನೇಮ ಒಂದೇ: ಗಾಳಕ್ಕೆ ಬಿದ್ದ ಮೊದಲ ಮೀನು ಬೋಣಿ. ಅದನ್ನು ನೀರಿಗೆ ಬಿಡುವುದೆಂದರೆ ಅಂಗಡಿಯವನು ಬೆಳಗಿನ ಮೊದಲ ಗಿರಾಕಿಯನ್ನು ಬಾಗಿಲಿಂದ ಅಟ್ಟಿದ ಹಾಗೆ. ಹೆಬ್ಬೆರಳಿನಷ್ಟಿದ್ದರೂ ಮನೆಗೆ ತರಬೇಕು, ಸಾರಿಗೆ ಹಾಕಬೇಕು. ಆ ಕೆರೆಯಲ್ಲಿ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಕೊರವ, ಗೆಂಡೆ, ಬಾಳೆ ಮೀನು, ಹಾವುಮೀನು, ಯಾವುದು ಬಂದರೂ ತಿನ್ನುವ ಮೀನೇ. ಆಮೇಲೆ ಯಾರೋ ಜಿಲೇಬಿ ಮೀನಿನ ಮರಿ ತಂದು ಬಿಟ್ಟರಂತೆ. ಕೆಲವೇ ವರ್ಷದಲ್ಲಿ ಕೆರೆ ತುಂಬ ಅದೇ ಆಗಿ ಗೆಂಡೆ ಕಾಣದಾಯಿತು ಎಂದು ಇವರು ಈಗಲೂ, ಸತ್ತ ನೆಂಟರ ವಿಷಯ ಹೇಳುವಂತೆ ಹೇಳುತ್ತಾರೆ.

ಈಗ ನಾವಿರುವುದು ಕೊಲ್ಲಿ ದೇಶದಲ್ಲಿ. ಅಬು ಹಲೀಫಾದ ನಮ್ಮ ಮನೆಯಿಂದ ಸಮುದ್ರಕ್ಕೆ ನಡೆದೇ ಹೋಗಬಹುದು. ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯ ಕೆಲಸ ಮುಗಿಸಿ ಬಂದವರಿಗೆ ರಜೆಯ ದಿನ ಬೇರೆ ಏನೂ ಬೇಡ, ಕಲ್ಲುದಂಡೆ ಮತ್ತು ಗಾಳ ಸಾಕು. ಅವರಿಗೆ ಜೊತೆ ಕೆಳಗಿನ ಮಹಡಿಯವರು, ಮಂಗಳೂರಿನ ಕೊಂಕಣಿ ಕ್ರೈಸ್ತ ಕುಟುಂಬ. ಆ ಮನೆಯಾಕೆಯನ್ನು ನಾನು ಅವರ ಕಡೆಯ ರೂಢಿಯಂತೆ 'ಬಾಯಿ' ಎಂದು ಕರೆಯುತ್ತೇನೆ. ಅವರ ಗಂಡ ಸಮುದ್ರದ ಪಕ್ಕ ಹುಟ್ಟಿದವರು. ನಮ್ಮವರನ್ನು 'ಕೆರೆ ಎಂಜಿನಿಯರ್' ಎಂದೇ ಕರೆಯುತ್ತಾರೆ. ಇಬ್ಬರೂ ದಂಡೆಯಲ್ಲಿ ಕೂತು ಮೀನಿಗಿಂತ ಜಾಸ್ತಿ ಮೀನಿನ ಮಾತು ಹಿಡಿಯುತ್ತಾರೆ. ಮೊದಲು ಇದೇ ಕಲ್ಲಿನ ಸಂದಿನಲ್ಲಿ ಹಮೂರ್ ಸಿಗುತ್ತಿತ್ತು, ಈಗ ಅದನ್ನು ಮಾರ್ಕೆಟ್ಟಿನಲ್ಲಿ ನೋಡಿ ಕಣ್ಣು ತುಂಬಿಸಿಕೊಳ್ಳಬೇಕು. ಬೇಸಿಗೆಯಲ್ಲಿ ನೀರು ಸ್ನಾನದ ಹಂಡೆಯ ಹಾಗೆ ಕಾದು ಮೀನೆಲ್ಲ ಆಳಕ್ಕೆ ಹೋಗುತ್ತವೆ. ಸೆಖೆ ಇಳಿದ ಮೇಲೆ ಶೈಮ್ ಮೀನು ದಡಕ್ಕೆ ಬರುತ್ತದೆ, ಬರಲೇಬೇಕು, ಹೋದ ವಾರ ಬರಲಿಲ್ಲ, ಈ ವಾರ ಬರುತ್ತದೆ. ಪ್ರತಿ ವಾರ ಇದೇ.

ತಿನ್ನಬಾರದ್ದೇನಾದರೂ ಗಾಳಕ್ಕೆ ಬಿದ್ದರೆ ಬಾಯಿಯ ಗಂಡ ಅದು ಕಲ್ಲಿನ ಮೇಲೆ ಬರುವ ಮೊದಲೇ ದಾರ ಕತ್ತರಿಸಿಬಿಡುತ್ತಿದ್ದರು. "ಅದು ಮೀನೇ ಅಲ್ಲ ಮಾರಾಯ್ರೆ, ಲೆಕ್ಕಕ್ಕಿಲ್ಲ," ಎನ್ನುತ್ತಿದ್ದರು. ಲೆಕ್ಕಕ್ಕಿಲ್ಲದ್ದು ಬೋಣಿಯೂ ಅಲ್ಲ. ಹೀಗೆ ನಮ್ಮವರ ನೇಮಕ್ಕೂ ಭಂಗವಿಲ್ಲ, ಹೊಟ್ಟೆಗೂ ಅಪಾಯವಿಲ್ಲ. ಮೂರು ವರ್ಷ ನಡೆದುಕೊಂಡು ಬಂದ ವ್ಯವಸ್ಥೆ ಇದು. ಅದೊಂದು ವ್ಯವಸ್ಥೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಶನಿವಾರ ಬಾಯಿಯ ಗಂಡನಿಗೆ ಡ್ಯೂಟಿ ಇತ್ತು. ನಮ್ಮವರು ಒಬ್ಬರೇ ಹೋದರು. ಬೆಳಿಗ್ಗೆ ಮೊದಲು ಬಿದ್ದದ್ದು ಉದ್ದನೆಯ, ಬೆಳ್ಳಿ ಹೊಟ್ಟೆಯ ಮೀನು. ಆಮೇಲೆ ಏನೂ ಬೀಳಲಿಲ್ಲ. ಶನಿವಾರ ನಾನು ಮೀನು ಮಾಂಸ ಮುಟ್ಟುವುದಿಲ್ಲ, ಹಾಗಾಗಿ ಆ ದಿನ ಮೀನು ತಂದರೆ ತೊಳೆಯುವುದು, ಕೊಯ್ಯುವುದು, ಬೇರೆ ಪಾತ್ರೆಯಲ್ಲಿ ಬೇಯಿಸುವುದು ಎಲ್ಲ ಅವರದೇ. ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಚರ್ಮ ಕಾಲುಚೀಲದ ಹಾಗೆ ಬಂತು ನೋಡು, ಮೊಟ್ಟೆಯೂ ಇದೆ, ಎಂದು ಅವರು ಸಂತೋಷಪಡುತ್ತಿದ್ದದ್ದು ಮಾತ್ರ ಕೇಳಿಸಿತ್ತು. ಕೆರೆಯ ಮೀನಿನ ಮೊಟ್ಟೆಯನ್ನು ಸಾರಿಗೆ ಹಾಕಿದ ಹಾಗೆಯೇ ಅದನ್ನೂ ಹಾಕಿದರು. ಮಗಳಿಗೆಂದು ಮುಳ್ಳಿಲ್ಲದ ತುಂಡೊಂದನ್ನು ಸ್ಟೀಲ್ ಬಟ್ಟಲಲ್ಲಿ ತೆಗೆದಿಟ್ಟು, ಮೇಲೆ ತಟ್ಟೆ ಮುಚ್ಚಿದರು.

ತುಟಿ ಜುಮ್ ಎಂದಾಗ ನಾನು ತಪ್ಪನ್ನು ಖಾರದಪುಡಿಯ ಮೇಲೆ ಹಾಕಿದೆ. ಊರಿಂದ ಹೊಸದಾಗಿ ಬಂದಿತ್ತು. ಅವರೂ ಒಪ್ಪಿದರು. ಹಲ್ಲಿನ ಡಾಕ್ಟರು ಸೂಜಿ ಕೊಟ್ಟ ಹಾಗಿದೆ ಎಂದು ನಕ್ಕರು. ನಗುವಾಗ ತುಟಿಯ ಒಂದು ಕಡೆ ಮೇಲೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳ ತುದಿಗಳೂ ಹಾಗೇ ಆಗಿವೆ ಎಂದರು, ತಲೆ ಸುತ್ತುತ್ತಿದೆ ಎಂದರು, ಎದ್ದು ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡರು. ಗೋಡೆ ಹಿಡಿದುಕೊಂಡು ವಾಪಸ್ಸು ಬಂದರು. ನಾನು ಕೆಳಗೆ ಫೋನ್ ಮಾಡಿದೆ.

ಬಾಯಿ ನನ್ನ ಮಗಳ ಕೈ ಹಿಡಿದುಕೊಂಡೇ ಮೇಲೆ ಬಂದರು. ನಮ್ಮವರ ಮುಖ ನೋಡಿದವರೇ ಸೀದಾ ಅಡುಗೆಮನೆಗೆ ಹೋಗಿ ಕಸದ ಚೀಲ ಬಿಚ್ಚಿದರು. ಮೀನಿನ ತಲೆ ಮೇಲೆಯೇ ಇತ್ತು. ನಾನು ಆಗಲೇ ಅದನ್ನು ಮೊದಲು ನೋಡಿದ್ದು. ಗಿಣಿಯ ಕೊಕ್ಕಿನ ಹಾಗೆ ಮುಂದಕ್ಕೆ ಬಂದ ಹಲ್ಲು, ದೊಡ್ಡ ಕಣ್ಣು.

"ಯಾರೆಲ್ಲ ತಿಂದದ್ದು?" ಎಂದು ಬಾಯಿ ಕೇಳಿದರು.

"ಇವರೊಬ್ಬರೇ."

"ಇದು ಹೊಟ್ಟೆ ಉಬ್ಬಿಸುವ ಮೀನು. ವಿಷ. ಹೊರಡಿ, ಈಗಲೇ."

ಮಗಳನ್ನು ಕೆಳಗಿನ ಮನೆಗೆ ಕಳಿಸಿದೆವು. ಬಾಯಿ ಆ ತಲೆಯನ್ನೂ ಸ್ಟೀಲ್ ಬಟ್ಟಲನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು. ಲಿಫ್ಟಿನಲ್ಲಿ ನಮ್ಮವರು ನಮ್ಮಿಬ್ಬರ ಹೆಗಲ ಮೇಲೆ ಭಾರ ಬಿಟ್ಟಿದ್ದರು. ಕಾರು ಓಡಿಸಿದ್ದು ಬಾಯಿ. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅವರು ಏನೋ ಕೇಳಲು ನೋಡುತ್ತಿದ್ದರು, ನಾಲಗೆ ಹೊರಳುತ್ತಿರಲಿಲ್ಲ. ಮಾತಾಡಬೇಡಿ, ಉಸಿರಾಡಿ, ಎಂದು ನಾನು ಹೇಳುತ್ತಲೇ ಇದ್ದೆ. ಬಾಯಿ ಸಿಗ್ನಲ್‌ಗಳಲ್ಲಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ನಾನು ನನ್ನ ಗಂಡನ ಅಂಗಿಯ ಎರಡನೆಯ ಗುಂಡಿಯನ್ನು ನೋಡುತ್ತಿದ್ದೆ. ಅದು ಮೇಲೆ ಏಳುವುದು, ಇಳಿಯುವುದು. ಏಳುವುದು ಕಡಿಮೆಯಾಗುತ್ತಿತ್ತು. ಈಗಲೂ ಏನಾದರೂ ಕೆಲಸದ ಮಧ್ಯೆ ಇದ್ದಕ್ಕಿದ್ದ ಹಾಗೆ ನನ್ನ ಕಣ್ಣ ಮುಂದೆ ಆ ಗುಂಡಿ ಬಂದು ನಿಲ್ಲುತ್ತದೆ.

ಆಸ್ಪತ್ರೆಯಲ್ಲಿ ಚೀಲ ಬಿಚ್ಚಿ ನೋಡಿದ ಡಾಕ್ಟರು ಈ ದೇಶದವರೇ. ಒಂದು ಕ್ಷಣ ಮೀನಿನ ತಲೆಯನ್ನೂ ಇನ್ನೊಂದು ಕ್ಷಣ ನನ್ನನ್ನೂ ನೋಡಿದರು. ಇದನ್ನು ನಾವು ಬೆಕ್ಕಿಗೂ ಹಾಕುವುದಿಲ್ಲ ಎಂದರು, ಬೈದ ಹಾಗಲ್ಲ, ಬೇಸರದಿಂದ. ಈ ವಿಷಕ್ಕೆ ಮದ್ದಿಲ್ಲ, ಆದರೆ ಮೈ ತಾನಾಗಿಯೇ ಅದನ್ನು ಹೊರಗೆ ಹಾಕುತ್ತದೆ, ಅಲ್ಲಿಯವರೆಗೆ ಮೆಷಿನ್ ಇವರ ಬದಲು ಉಸಿರಾಡುತ್ತದೆ ಎಂದು ವಿವರಿಸಿದರು. ಬೇಗ ತಂದಿರಿ ಎಂದೂ ಹೇಳಿದರು. ಆ ಮಾತನ್ನು ಬಾಯಿ ನನಗೆ ಮತ್ತೆ ಮತ್ತೆ ಕನ್ನಡದಲ್ಲಿ ಹೇಳಿದರು, ಡಾಕ್ಟರು ಹೇಳಿದ್ದು ನನಗೆ ಅರ್ಥವಾಗಿಲ್ಲವೇನೋ ಎಂಬಂತೆ.

ನನ್ನನ್ನು ಒಳಗೆ ಬಿಟ್ಟಾಗ ಅವರ ರೆಪ್ಪೆಯೂ ಅಲ್ಲಾಡುತ್ತಿರಲಿಲ್ಲ. ಬಾಯಲ್ಲಿ ಕೊಳವೆ. ಡಾಕ್ಟರು ನನ್ನ ಪಕ್ಕ ನಿಂತು, "ಅವರಿಗೆ ಎಲ್ಲ ಕೇಳಿಸುತ್ತದೆ, ಮಾತಾಡಿಸಿ," ಎಂದರು.

ಏನು ಮಾತಾಡುವುದು. ಮದುವೆಯಾಗಿ ಹನ್ನೆರಡು ವರ್ಷ, ಒಂದೇ ಸಮನೆ ಮಾತಾಡುವವರು ಯಾವಾಗಲೂ ಅವರು. ಕೊನೆಗೆ ಅವರ ಕೆರೆಯನ್ನೇ ಅವರಿಗೆ ಹೇಳಿದೆ. ಕೋಡಿ ಬಿದ್ದ ವರ್ಷ ತೂಬಿನ ಹತ್ತಿರ ಕೊರವ ಸಿಕ್ಕಿದ್ದು, ಮಾವ ಹಾವುಮೀನನ್ನು ಹಾವೆಂದು ಬಿಸಾಕಿ ಓಡಿದ್ದು, ಜಿಲೇಬಿ ಬಂದು ಗೆಂಡೆ ಹೋದದ್ದು. ನೂರು ಸಲ ಕೇಳಿ ಬೇಸತ್ತ ಕಥೆಗಳು ಒಂದೂ ಬಿಡದೆ ನೆನಪಿದ್ದವು. ಮುಗಿದಾಗ ಮೀನುಗಳ ಹೆಸರು ಶುರುಮಾಡಿದೆ. ಕೊರವ, ಗೆಂಡೆ, ಬಾಳೆ, ಕಾಟ್ಲಾ, ರೋಹು. ನೀರು ತಣ್ಣಗಾಗಿದೆಯಂತೆ, ಶೈಮ್ ದಡಕ್ಕೆ ಬಂದಿದೆಯಂತೆ, ಎಂದೂ ಹೇಳಿದೆ. ಬಂದಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮೆಷಿನ್ ಒಂದೇ ಲಯದಲ್ಲಿ ಗಾಳಿ ಊದುತ್ತಿತ್ತು.

ಮರುದಿನ ಸಂಜೆ ಅವರ ತೋರುಬೆರಳು ನನ್ನ ಅಂಗೈಯಲ್ಲಿ ಅಲ್ಲಾಡಿತು. ಗಾಳದ ದಾರಕ್ಕೆ ಮೀನು ಮೂಗು ತಾಗಿಸಿದರೆ ಹೀಗೆಯೇ ತಿಳಿಯುತ್ತದೆ ಎಂದು ಅವರು ಯಾವಾಗಲೋ ಹೇಳಿದ್ದರು, ಸಣ್ಣಗೆ, ಇದೆಯೋ ಇಲ್ಲವೋ ಎನ್ನುವ ಹಾಗೆ. ನಾನು ಉಸಿರು ಬಿಗಿಹಿಡಿದು ಕಾದೆ. ಮತ್ತೊಮ್ಮೆ ಅಲ್ಲಾಡಿತು.

ಕೊಳವೆ ತೆಗೆದದ್ದು ಅದರ ಮರುದಿನ. ಗಂಟಲು ಕೆಟ್ಟು, ದನಿ ಮರಳ ಮೇಲೆ ದೋಣಿ ಎಳೆದ ಹಾಗಿತ್ತು. ಕಣ್ಣು ಬಿಟ್ಟವರು ನೀರು ಕೇಳಲಿಲ್ಲ, ನನ್ನನ್ನು ಕರೆಯಲಿಲ್ಲ.

"ಮಗು ತಿಂದಳಾ?"

ಕಾರಿನಲ್ಲಿ ಅವರು ಕೇಳಲು ನೋಡಿದ್ದು ಇದನ್ನೇ. ಆ ಬಟ್ಟಲನ್ನು ತೆಗೆದಿಟ್ಟವರು ಅವರು. ಬಾಯಿ ಬಂದು ಕೇಳಿದ್ದು, ನಾನು ಉತ್ತರ ಹೇಳಿದ್ದು, ಬಟ್ಟಲು ಚೀಲಕ್ಕೆ ಹೋದದ್ದು ಎಲ್ಲ ಅಡುಗೆಮನೆಯಲ್ಲಿ. ಅವರಿಗೆ ಅದು ಕೇಳಿಸಿರಲಿಲ್ಲ. ರೆಪ್ಪೆ ಅಲ್ಲಾಡಿಸಲಾಗದೆ ಮಲಗಿದ್ದ ಅಷ್ಟು ಹೊತ್ತೂ ಅವರ ತಲೆಯಲ್ಲಿ ಇದ್ದದ್ದು ಆ ಒಂದೇ ಪ್ರಶ್ನೆ. ನಾನು ಕೆರೆ ಕೋಡಿ ಬಿದ್ದದ್ದನ್ನೆಲ್ಲ ಹೇಳಿದ್ದೆ, ಇದೊಂದನ್ನು ಬಿಟ್ಟು.

"ತಿಂದಿಲ್ಲ. ಪ್ರಾಕ್ಟೀಸ್ ತಡವಾಯ್ತು. ಬಟ್ಟಲು ಮುಟ್ಟೇ ಇಲ್ಲ," ಎಂದೆ.

ಕಣ್ಣು ಮುಚ್ಚಿದರು. ಆಗ ಅವರ ಎದೆ ಪೂರ್ತಿ ಮೇಲೆ ಎದ್ದು, ಪೂರ್ತಿ ಇಳಿಯಿತು. ಅದಕ್ಕೆ ಯಾವ ಮೆಷಿನ್ನೂ ಬೇಕಾಗಲಿಲ್ಲ. ತುಂಬ ಹೊತ್ತಿನ ಮೇಲೆ ಅದೇ ದನಿಯಲ್ಲಿ ಇನ್ನೊಂದು ಮಾತು ಹೇಳಿದರು: "ರೋಹು ಇರಲಿಲ್ಲ ನಮ್ಮ ಕೆರೇಲಿ." ನಾನು ನಕ್ಕದ್ದು ಕೇಳಿ ನರ್ಸ್ ಓಡಿ ಬಂದಳು.

ಮನೆಗೆ ಬಂದ ಮೇಲೆ ಅವರು ಎಂದಿನಂತೆ ಮಲಗಿದ ತಕ್ಷಣ ನಿದ್ದೆ ಹೋಗುತ್ತಿದ್ದರು. ನನಗೆ ಆಗುತ್ತಿರಲಿಲ್ಲ. ಗೊರಕೆ ನಿಂತರೆ ಎಚ್ಚರವಾಗುತ್ತಿತ್ತು, ಮೂಗಿನ ಬಳಿ ಕೈ ಹಿಡಿಯುತ್ತಿದ್ದೆ. ಬೆಚ್ಚಗಿನ ಗಾಳಿ ತಾಗಿದ ಮೇಲೂ, ಮಗಳು ಹೇಳಿದ ಹೊತ್ತಿಗೆ ಊಟಕ್ಕೆ ಬಂದಿದ್ದರೆ ಎನ್ನುವುದು ಶುರುವಾಗುತ್ತಿತ್ತು. ತಟ್ಟೆ ಸರಿಸುತ್ತಾಳೆ, ತುಂಡು ತೆಗೆದುಕೊಳ್ಳುತ್ತಾಳೆ, ಅಲ್ಲಿಗೆ ನಾನು ಎದ್ದು ಹೋಗಿ ಅವಳ ಮೂಗಿನ ಬಳಿಯೂ ಕೈ ಹಿಡಿದು ಬರುತ್ತಿದ್ದೆ. ಹಗಲಲ್ಲಿ ಇದೆಲ್ಲ ಹಾಸ್ಯವಾಗಿತ್ತು. ಮಗಳು ಅಂಗಡಿಯಿಂದ ತಂದ ಬಂಗುಡೆಯನ್ನು ಕಂಡರೂ "ಈಸ್ ದಿಸ್ ಒನ್ ಓಕೆ, ಅಮ್ಮಾ?" ಎಂದು ಕೇಳುತ್ತಿದ್ದಳು. ಬಾಯಿಯ ಗಂಡ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಆ ದಿನ ರಜೆ ಹಾಕಬೇಕಿತ್ತು ಎಂದು ಮೂರು ಸಲ ಹೇಳಿದರು. ನಮ್ಮವರು, ನಿಮಗೆ ರಜೆ ಕೊಟ್ಟಿದ್ದರೆ ನೀವೂ ತಿಂದಿರುತ್ತಿದ್ದಿರಿ ಎಂದು ರೇಗಿಸಿದರು. "ಹೋಗಿ ಮಾರಾಯ್ರೆ, ನಿಮ್ಮ ಕೆರೆಯಲ್ಲಿ ಚಪ್ಪಲಿ ಸಿಕ್ಕಿದರೂ ಸಾರು ಮಾಡುವವರು ನೀವು," ಎಂದು ಅವರು ಎದ್ದು ನಿಂತರು. ಆಮೇಲೆ ಎಲ್ಲ ಸರಿಹೋಯಿತು. ಗಾಳ ಮಾತ್ರ ಬಾಗಿಲ ಹಿಂದೆಯೇ ನಿಂತಿತ್ತು. ಅದನ್ನು ಎಸೆಯಿರಿ ಎಂದು ನಾನು ಹೇಳಲಿಲ್ಲ, ತೆಗೆಯಿರಿ ಎಂದೂ ಹೇಳಲಿಲ್ಲ.

ಜನವರಿಯ ಒಂದು ಶುಕ್ರವಾರ ನಾನು ಕಣ್ಣು ಬಿಟ್ಟಾಗ ಪರದೆಯ ಅಂಚಿನಿಂದ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಮಸೀದಿಯ ಬೆಳಗಿನ ಬಾಂಗ್ ಕೇಳಿದ ನೆನಪಿಲ್ಲ. ಮಧ್ಯದಲ್ಲಿ ಒಮ್ಮೆಯೂ ಎದ್ದ ನೆನಪಿಲ್ಲ. ಪಕ್ಕ ಖಾಲಿ. ಬಾಗಿಲ ಹಿಂದೆ ಗಾಳವೂ ಇಲ್ಲ. ಎದ್ದು ಹಾಲ್‌ಗೆ ಬರುವಷ್ಟರಲ್ಲಿ ಅವರು ಬಾಗಿಲು ತೆಗೆದು ಒಳಗೆ ಬಂದರು, ಉಣ್ಣೆಯ ಟೋಪಿ, ಕೈಯಲ್ಲಿ ಖಾಲಿ ಬಕೆಟ್ಟು.

"ಹೇಳಿ ಹೋಗೋಕಾಗಲ್ವಾ?" ಎಂದೆ.

"ಅಲಾರಂ ಎರಡು ಸಲ ಹೊಡೀತು. ನೀನು ಅಲ್ಲಾಡಲಿಲ್ಲ. ಕೊನೆಗೆ ಮೂಗಿನ ಹತ್ರ ಕೈ ಹಿಡಿದು ನೋಡಿ ಹೋದೆ."

ಬಕೆಟ್ಟಿನ ಕಡೆ ನೋಡಿದೆ. ತಳದಲ್ಲಿ ನೀರೂ ಇರಲಿಲ್ಲ.

"ಬೋಣಿ?"

"ಬಿಟ್ಟೆ. ಒಳ್ಳೇ ಶೈಮ್ ಕಣೇ, ಇಷ್ಟುದ್ದ. ಕೆಳಗಿನ ಮನೆಯವರು ಪಕ್ಕದಲ್ಲೇ ಕೂತು ತಿನ್ನೋ ಮೀನು, ತಿನ್ನೋ ಮೀನು ಅಂತ ಬಡಕೊಂಡರು. ಆದರೂ ಬಿಟ್ಟೆ." ಟೋಪಿ ತೆಗೆದು ಮೊಳೆಗೆ ನೇತುಹಾಕಿದರು. "ಆಮೇಲೆ ನೋಡು, ಒಂದೂ ಬೀಳಲಿಲ್ಲ. ಮಾವ ಸುಮ್ಮನೆ ಹೇಳ್ತಿರಲಿಲ್ಲ."

ನಾನು ಕಾಫಿಗೆ ನೀರಿಟ್ಟೆ. ಮೈಕ್ರೊವೇವಿನ ಗಡಿಯಾರದಲ್ಲಿ ಒಂಬತ್ತೂವರೆ ದಾಟಿತ್ತು.