ಉಟ್ಟುಕೊಂಡು ಬಾ

ಕಚೇರಿ ಕೆಲಸದ ಸಂದರ್ಶನಕ್ಕೆ ಹೋಗುವ ಹೆಂಗಸು ಏನು ಉಡಬೇಕು ಎಂದು ಕೇಳಲು ನೆಂಟರಿಷ್ಟರ ಹುಡುಗಿಯರು ಈಗಲೂ ನನ್ನಲ್ಲಿಗೆ ಬರುತ್ತಾರೆ. ಈ ಶಾಸ್ತ್ರದಲ್ಲಿ ನಾನು ಪಾರಂಗತಳೆಂದು ನಮ್ಮ ಪೈಕಿಯಲ್ಲಿ ಪ್ರತೀತಿ. ಬಣ್ಣ ತಿಳಿಯಾಗಿರಲಿ, ಅಂಚು ಸಣ್ಣದಿರಲಿ, ಸೆರಗು ಹಾರಾಡದಿರಲಿ ಎಂದು ಹೇಳಿ ಕಳಿಸುತ್ತೇನೆ. ಮುಖ್ಯವಾದ ಮಾತನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಮುದುಕಿಗೆ ಅರಳುಮರಳು ಎಂದುಕೊಂಡಾರು. ಸೀರೆ ಎಂಥದು ಎನ್ನುವುದಕ್ಕಿಂತ ಮೊದಲು ಅದನ್ನು ಯಾರು ಕೊಟ್ಟರು, ಏನೆಂದು ಹೇಳಿ ಕೊಟ್ಟರು ಎಂಬುದನ್ನು ವಿಚಾರಿಸಿಕೊಳ್ಳಬೇಕು. ಈ ಸಿದ್ಧಾಂತದ ಪುರಾವೆ ನನ್ನ ಎಡಹುಬ್ಬಿನಿಂದ ಹೊರಟು ಕೂದಲೊಳಗೆ ಹೋಗಿ ಮರೆಯಾಗಿದೆ.

ಮೂವತ್ತರ ದಶಕದ ನಡುವಿನ ಮಾತು. ಅಂಕೋಲೆಯ ಕಡೆ ಉಪ್ಪಿನ ಗಲಾಟೆ, ಕರ ಕೊಡದ ಗಲಾಟೆ ಎಲ್ಲ ಮುಗಿದು ಪೋಲೀಸರ ಲಾಠಿಗಳಿಗೆ ತುಸು ವಿಶ್ರಾಂತಿ ಸಿಕ್ಕಿತ್ತು. ನಮ್ಮ ಮನೆಯ ಕೋಲಿಗೆ ಸಿಕ್ಕಿರಲಿಲ್ಲ. ನಾನು ಅವರ್ಸಾದ ಒಂದು ಬೇಸಾಯದ ಮನೆಯ ಸೊಸೆ. ಮದುವೆಯಾದ ಮರುವರ್ಷವೇ ಗಂಡ ಜ್ವರದಿಂದ ಸತ್ತ. ಉಳಿದವರು ಅತ್ತೆ, ಗಂಡನ ಅಣ್ಣನಾದ ಭಾವ, ಮತ್ತು ನಾನು. ಭಾವನ ಹೆಂಡತಿ ಪೆಟ್ಟು ತಾಳಲಾರದೆ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಹೀಗಾಗಿ ಅವಳ ಪಾಲಿನದೂ ನನಗೇ ಬರುತ್ತಿತ್ತು.

ಭಾವ ಪಕ್ಷಪಾತವಿಲ್ಲದ ಮನುಷ್ಯ. ಎತ್ತಿಗೂ ನನಗೂ ಒಂದೇ ಬಾರುಕೋಲು. ಎತ್ತು ದಣಿದರೆ ಬಿಡುತ್ತಿದ್ದ, ಅಷ್ಟೇ ವ್ಯತ್ಯಾಸ. ಗಂಜಿ ಬಿಸಿಯಿದ್ದರೆ ಹೊಡೆತ, ಆರಿದ್ದರೆ ಹೊಡೆತ; ಹದವಾಗಿದ್ದ ದಿನ, ಇಷ್ಟು ಹದ ಯಾರಿಗಾಗಿ ಮಾಡಿದ್ದು ಎಂಬ ಸಂಶಯದ ಮೇಲೆ ಹೊಡೆತ. ಬಾವಿಕಟ್ಟೆಯಲ್ಲಿ ನನ್ನ ಬೆನ್ನು ನೋಡಿದ ನೆರೆಯವರು ಮುಖ ತಿರುಗಿಸಿ ಕೊಡ ತುಂಬಿಕೊಳ್ಳುತ್ತಿದ್ದರು. ಓಡಿಹೋಗೋಣವೆಂದರೆ ತವರಿರಲಿಲ್ಲ. ಅಪ್ಪ ಕಿನ್ನರ ಎಂಬ ಊರಿನವನು, ಕಾರವಾರದ ಶಾಲೆಯೊಂದರಲ್ಲಿ ಪಟ್ಟೇವಾಲನಾಗಿದ್ದವನು, ಅಷ್ಟರಲ್ಲಿ ತೀರಿಕೊಂಡಿದ್ದ. ಗಂಟೆ ಹೊಡೆಯುವವನ ಮಗಳೆಂದು ಮಾಸ್ತರರು ನನ್ನನ್ನು ತರಗತಿಯ ಮೂಲೆಯಲ್ಲಿ ಕೂರಿಸಿಕೊಂಡಿದ್ದರು. ಕೂತ ತಪ್ಪಿಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿತ್ತು. ಆ ಪಾಸು ಅವರ್ಸಾದಲ್ಲಿ ಸೆಗಣಿ ತಟ್ಟಲು ಯಾವ ಅಡ್ಡಿಯನ್ನೂ ಮಾಡಿರಲಿಲ್ಲ.

ಸುಗ್ಗಿ ಮುಗಿಯುವ ಹೊತ್ತು. ಒಂದು ಬೆಳಿಗ್ಗೆ ಅದೇ ಮಾಸ್ತರರು ಕೊಡೆ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಅತ್ತೆ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದರು, ನಾನು ಕೇರುತ್ತಿದ್ದೆ. ಭಾವ ಮನೆಯ ಹಿಂದಿನ ಕಣದಲ್ಲಿ ಎತ್ತು ತುಳಿಸುತ್ತಿದ್ದ.

"ಬಾಯೇ, ಕಾರವಾರದ ಹೆಂಗಸರ ದವಾಖಾನೆಯ ಕಚೇರಿಗೆ ಬರೆಯಲು ಬರುವ ಒಬ್ಬ ಹೆಂಗಸು ಬೇಕಂತೆ. ಗಂಡಸು ಕಾರಕೂನ ಕೇಳಿದರೆ ಹೆಂಗಸರು ಬಾಯೇ ಬಿಡುವುದಿಲ್ಲ. ಇವತ್ತೇ ಮಧ್ಯಾಹ್ನ ಸಂದರ್ಶನ. ಇರಲಿಕ್ಕೆ ಅಲ್ಲೇ ಒಂದು ಕೋಣೆ ಕೊಟ್ಟರೂ ಕೊಟ್ಟಾರು" ಎಂದರು.

ಕೋಣೆ ಎಂಬ ಮಾತು ಕೇಳಿ ನನ್ನ ಕೈಯ ಮೊರ ನಿಂತಿತು. ಬಾಗಿಲು ಒಳಗಿನಿಂದ ಹಾಕಿಕೊಳ್ಳುವ ಕೋಣೆ!

"ಹೀಂಗೇ ಬರೂದು ಹ್ಯಾಂಗೆ ಮಾಸ್ತರೇ?" ಎಂದೆ. ಉಟ್ಟದ್ದು ಹೆಗಲ ಮೇಲೆ ಗಂಟು ಹಾಕಿದ, ಮೊಣಕಾಲವರೆಗಿನ ಗದ್ದೆಯ ಸೀರೆ.

ಮಾಸ್ತರರು ಕಂಕುಳಿಂದ ಒಂದು ಗಂಟು ತೆಗೆದರು. ನಸುನೀಲಿ ಬಣ್ಣದ ಗಿರಣಿ ಸೀರೆ, ಜೊತೆಗೊಂದು ರವಿಕೆ. ಸೀರೆಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು, ಪಾಠ ಹೇಳುವ ಸ್ಪಷ್ಟ ದನಿಯಲ್ಲಿ ಅಂದರು: "ಇದನ್ನು ನಿನಗೆಂದೇ ತಂದಿದ್ದೇನೆ. ಉಟ್ಟುಕೊಂಡು ಬಾ. ನಾನು ರಸ್ತೆಯಲ್ಲಿ ಕಾಯುತ್ತೇನೆ."

ಒನಕೆಯ ಸದ್ದು ನಿಂತುಹೋಯಿತು.

ನಮ್ಮ ಜನರಲ್ಲಿ ವಿಧವೆಗೆ ಮರುಮದುವೆ ಉಂಟು. ಅದಕ್ಕೆ ಉಡಿಕೆ ಎನ್ನುತ್ತಾರೆ. ಭಟ್ಟರಿಲ್ಲ, ಮಂತ್ರವಿಲ್ಲ. ಗಂಡಸು ಹೊಸ ಸೀರೆ ತಂದು ಕೊಡುತ್ತಾನೆ, ಹೆಂಗಸು ಅದನ್ನು ಉಡುತ್ತಾಳೆ, ಮುಗಿಯಿತು. ಉಟ್ಟವಳಿಗೆ ಸತ್ತ ಗಂಡನ ಮನೆಯ ಮೇಲೆ ಹಕ್ಕಿಲ್ಲ, ಆ ಮನೆಗೂ ಅವಳ ಮೇಲೆ ಹಕ್ಕಿಲ್ಲ. ಮಾಸ್ತರರು ಕೊಂಕಣಿ ಮಾತಿನ ಪೇಟೆಯವರು. ಗದ್ದೆಯವರ ಈ ಪದ್ಧತಿ ಅವರ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಅವರ ಮುಂದಿನ ಹಲ್ಲು ಉಳಿಯುತ್ತಿದ್ದವು.

"ಅಯ್ಯಯ್ಯೋ! ಹಾಡೇಹಗ್ಲಿಗೆ ಉಡ್ಕಿಗೆ ಬಂದ್ನಲ್ರೋ! ಏ ತಮಾ, ಬಾರೋ!" ಎಂದು ಅತ್ತೆ ಕೂಗಿದರು.

ಭಾವ ಬಾರುಕೋಲಿನ ಸಮೇತ ಬಂದ. ಎತ್ತಿನ ಮೇಲಿನ ಸಿಟ್ಟು ಇನ್ನೂ ಕೈಯಲ್ಲೇ ಇತ್ತು.

"ಯಾರಿಗೋ ಸೀರೆ ತಂದದ್ದು ನೀನು?"

ಮಾಸ್ತರರಿಗೆ ತಾವು ಏನೋ ತಪ್ಪಿದ್ದೇವೆಂದು ಹೊಳೆಯಿತು, ಏನೆಂದು ಹೊಳೆಯಲಿಲ್ಲ. ತಮ್ಮ ಸಭ್ಯತೆಯನ್ನು ಸ್ಥಾಪಿಸಲು ಹೊರಟರು: "ಅರೇ ಮಾರಾಯಾ, ತಪ್ಪು ತಿಳಿಯಬೇಡ! ನನ್ನ ಹೆಂಡತಿಯೇ ಆರಿಸಿ ಕೊಟ್ಟದ್ದು! ಅವಳ ಪೂರ್ಣ ಒಪ್ಪಿಗೆ ಇದೆ!"

ಇದಕ್ಕಿಂತ ಕೆಟ್ಟ ವಾಕ್ಯ ಹುಡುಕಿದರೂ ಸಿಗುತ್ತಿರಲಿಲ್ಲ. ಇದ್ದ ಹೆಂಡತಿಯ ಒಪ್ಪಿಗೆ ಪಡೆದು ಬಂದವನೆಂದರೆ ಕೆಲಸ ಪಕ್ಕಾ ಎಂದೇ ಅರ್ಥ. ಮೊದಲ ಪೆಟ್ಟು ಕೊಡೆಗೆ ಬಿತ್ತು, ಅದರ ಕಡ್ಡಿಗಳು ನಾಲ್ಕು ದಿಕ್ಕಿಗೆ ಹಾರಿದವು. ಎರಡನೆಯದು ಬಾಯಿಗೆ. ಮಾಸ್ತರರು ರಕ್ತ ಉಗುಳುತ್ತ ಗದ್ದೆಯ ಬದುವಿನ ಮೇಲೆ ರಸ್ತೆಯತ್ತ ಓಡಿದರು. ಅವರ ಟೋಪಿ ಅಂಗಳದಲ್ಲಿ ಬಿದ್ದಿತ್ತು. ಭಾವ ಅದನ್ನೂ ಬಿಡದೆ ಎರಡೇಟು ಹೊಡೆದ. ಆಮೇಲೆ ನನ್ನ ಸರದಿ.

ಬಾರುಕೋಲಿನ ತುದಿಗೆ ಮೊಳೆಯಿರುತ್ತದೆ. ಅದು ಹುಬ್ಬಿನ ಮೇಲೆ ಹೊಕ್ಕು ಮೇಲಕ್ಕೆ ಸೀಳಿತು. ಕಣ್ಣಿಗೆ ರಕ್ತ ಇಳಿದು ಜಗತ್ತಿನ ಅರ್ಧ ಕೆಂಪಾಯಿತು. ಭಾವ ನನ್ನ ಹೆಗಲ ಗಂಟಿಗೆ ಕೈಹಾಕಿ ಎಳೆದ.

"ಹೊಸ ಸೀರೆ ಬೇಕನೆ ನಿಂಗೆ? ಇದೂ ಇಲ್ದೇ ಇರು!"

ನೀರು ಕಂಡು ಕಂಡು ಬಡವಾಗಿದ್ದ ಸೀರೆ ನೆಟ್ಟಗೆ ಹರಿದು ಅವನ ಕೈಗೆ ಬಂತು. ನಾನು ಅಂಗಳದಲ್ಲಿ ಸುಗ್ಗಿಯ ಬಿಸಿಲಿನಲ್ಲಿ ಹುಟ್ಟಿದ ಹಾಗೆ ನಿಂತಿದ್ದೆ. ಹೊಡೆತಕ್ಕೆ ಎಂದೂ ಬಾರದ ಸಿಟ್ಟು ಆಗ ಬಂತು. ಅತ್ತೆಯ ಕೈಯ ಒನಕೆ ನನ್ನ ಕೈಗೆ ಹೇಗೆ ಬಂತೆಂದು ಇಂದಿಗೂ ಗೊತ್ತಿಲ್ಲ. ಅವರು ಬಿಟ್ಟರೋ, ನಾನು ಕಸಿದೆನೋ. ಭಾವ ಮತ್ತೆ ಕೋಲೆತ್ತಿದ. ಎತ್ತಿದ ತೋಳಿಗೇ ಹೊಡೆದೆ. ಒಣ ತೆಂಗಿನ ಹೆಡೆ ಮುರಿದಂಥ ಸದ್ದು. ಅವನು ಕುಸಿದು ಕೂತಾಗ ಬೆನ್ನಿಗೂ ಹಾಕಿದೆ, ಅವನ ಹೆಂಡತಿಯ ಲೆಕ್ಕದಲ್ಲಿ. ಅವನು ಭತ್ತದ ಮೇಲೆ ಮುಖವಿಟ್ಟು ಬಿದ್ದ.

ಅಂಗಳದಲ್ಲಿ ಬಿದ್ದಿದ್ದ ಮಾಸ್ತರರ ಗಂಟನ್ನು ಬಾಚಿಕೊಂಡು ಒಳಗೆ ಓಡಿದೆ. ನನಗಿದ್ದ ಇನ್ನೊಂದು ಸೀರೆ ಒಗೆದು ಹಾಕಿದ್ದು ಕಣದ ಬೇಲಿಯ ಮೇಲಿತ್ತು. ನನ್ನದೆಂದು ಒಳಗಿದ್ದ ಬಟ್ಟೆಯೆಂದರೆ ಕೈಯಲ್ಲಿದ್ದ ಗಂಟು ಮಾತ್ರ. ಇದನ್ನು ಉಡಬಾರದೆಂದು ಇಷ್ಟು ಹೊಡೆದವನು ಇದನ್ನಲ್ಲದೆ ಬೇರೇನೂ ಉಡಲು ಉಳಿಯದ ಹಾಗೆ ಮಾಡಿದ್ದ. ಉಟ್ಟೆ. ಪೇಟೆಯವರ ಹಾಗೆ ಪಾದದವರೆಗೆ ಬಿಟ್ಟು, ನೆರಿಗೆ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಉಟ್ಟೇ ಬಿಟ್ಯಲ್ಲೇ" ಎಂದರು. ಆಮೇಲೆ ದನಿ ತಗ್ಗಿಸಿ, "ಹಿತ್ಲ ಬಾಗ್ಲಿಂದ ಹೋಗು. ಅಂವ ಎದ್ರೆ ಕತ್ತಿ ತಕಂತ" ಎಂದರು. ಆ ಮನೆಯಲ್ಲಿ ನನಗೆ ಸಿಕ್ಕ ಆಶೀರ್ವಾದ ಅದೊಂದೇ.

ರಸ್ತೆಯಲ್ಲಿ ಕಾರವಾರದ ಮೋಟಾರು ನಿಂತಿತ್ತು. ಮಾಸ್ತರರು ಬಾಯಿಗೆ ಪಂಚೆಯ ತುದಿ ಒತ್ತಿಕೊಂಡು ಡ್ರೈವರನ ಪಕ್ಕ ಕೂತಿದ್ದರು. ನಾನು ಹಿಂದೆ ಹತ್ತಿದೆ. ಡ್ರೈವರ ಅವರನ್ನು ನೋಡಿದ, ನನ್ನ ಹೊಸ ಸೀರೆಯನ್ನು ನೋಡಿದ, ಅದರ ಮೇಲೆ ತೊಟ್ಟಿಕ್ಕುವ ರಕ್ತವನ್ನು ನೋಡಿದ.

"ಎಂತ ಮಾಸ್ತರೇ, ಲಗ್ನ ಆದದ್ದೋ, ಲಡಾಯಿ ಆದದ್ದೋ?"

ಮಾಸ್ತರರಿಗೆ ಉತ್ತರಿಸಲು ಸಾಕಷ್ಟು ಹಲ್ಲಿರಲಿಲ್ಲ. "ಗಾಡಿ ಬಿಡಾ" ಎಂದು ನಾನೇ ಹೇಳಿದೆ. ಬಿಣಗಾದ ಏರಿನಲ್ಲಿ ಮೋಟಾರು ನಿಂತು ನಿಂತು ಹತ್ತಿತು. ಪ್ರತಿ ಸಲ ನಿಂತಾಗಲೂ ಹಿಂದೆ ತಿರುಗಿ ನೋಡಿದೆ. ಕಾರವಾರದ ಬೈತಖೋಲ ಬಂದರಿನ ದೋಣಿಗಳು ಕಂಡ ಮೇಲೆಯೇ ಕತ್ತು ನೆಟ್ಟಗಾದದ್ದು.

ಮಾಸ್ತರರು ನನ್ನನ್ನು ದವಾಖಾನೆಯ ಬಾಗಿಲಲ್ಲಿ ಬಿಟ್ಟು, ಬಾಯಿ ಹಿಡಿದುಕೊಂಡು ಮನೆಗೆ ಹೋದರು. ಕಚೇರಿಯ ಹೊರಗೆ ಬೆಂಚಿನ ಮೇಲೆ ಇಬ್ಬರು ಉಮೇದುವಾರಿಣಿಯರು ಕೂತಿದ್ದರು. ಒಬ್ಬಳು ನೆರಿಗೆಗೆ ಇಸ್ತ್ರಿ ಮಾಡಿಸಿಕೊಂಡಿದ್ದಳು, ಇನ್ನೊಬ್ಬಳಿಗೆ ಕಾಲಲ್ಲಿ ಬೂಟು. ನಾನು ಕೂತಾಗ ಇಬ್ಬರೂ ಸರಿದರು. ಒಳಗಿನಿಂದ ಬಂದ ಡಾಕ್ಟರ್ ಬಾಯಿ ಘಟ್ಟದ ಮೇಲಿನ ಧಾರವಾಡ ಕಡೆಯವರು. ನನ್ನ ಹಣೆ ನೋಡಿ, ಏನೂ ಕೇಳದೆ, ಒಳಗೆ ಎಳೆದುಕೊಂಡು ಹೋಗಿ ಹೊಲಿಯಲು ಕೂತರು. ನೌಕರಿಗೆ ಬಂದವಳು ಎಂದು ಹಲ್ಲು ಕಚ್ಚಿಕೊಂಡೇ ಹೇಳಿದೆ. ಅವರು ಹೆಡ್ ಕಾರಕೂನರನ್ನು ಅಲ್ಲಿಗೇ ಕರೆಸಿದರು. ಹೀಗೆ ನನ್ನ ಸಂದರ್ಶನ ಸೂಜಿಯ ಕೆಳಗೇ ನಡೆಯಿತು.

"ಸರಕಾರಿ ಕೆಲಸಕ್ಕೆ ಬರುವವಳ ಉಡುಪೇ ಇದು? ಸೀರೆಯೆಲ್ಲ ರಕ್ತ" ಎಂದು ಹೆಡ್ ಕಾರಕೂನರು ಮೂಗಿಗೆ ಕರವಸ್ತ್ರ ಹಿಡಿದರು.

"ಇಲ್ಲಿಗೆ ಬರೋರ ಸೀರಿ ದಿನಾ ಹಂಗ ಇರ್ತಾವ್ರಿ. ನೀವು ಕೇಳೂದು ಕೇಳ್ರಿ" ಎಂದರು ಬಾಯಿ.

ಕಾರಕೂನರು ಹೇಳಿದರು, ನಾನು ಬರೆದೆ. ಸೂಜಿ ಹೊಕ್ಕಾಗಲೆಲ್ಲ ಅಕ್ಷರಕ್ಕೊಂದು ಬಾಲ ಬರುತ್ತಿತ್ತು. ಕೊನೆಯ ಹೊಲಿಗೆಗೆ ಗಂಟು ಬೀಳುವ ಹೊತ್ತಿಗೆ ಹೊರಗೆ ಗದ್ದಲವೆದ್ದಿತು. ಭಾವ. ಮುರಿದ ತೋಳನ್ನು ಪಂಚೆಯಲ್ಲಿ ಕಟ್ಟಿಕೊಂಡು ಮುಂದಿನ ಮೋಟಾರಿಗೆ ಬಂದಿದ್ದ. ಎಡಗೈಯಲ್ಲಿ ದವಾಖಾನೆಯ ಪಟ್ಟೇವಾಲನನ್ನು ಗೋಡೆಗೆ ನೂಕಿ, ಬೆಂಚು ಒದ್ದು ಉರುಳಿಸಿದ. ಇಸ್ತ್ರಿಯವಳೂ ಬೂಟಿನವಳೂ ಕೂಗುತ್ತ ಓಡಿದವರು ಮತ್ತೆ ಬರಲಿಲ್ಲ. ಸ್ಪರ್ಧೆ ಅಲ್ಲಿಗೆ ತೀರಿತು.

"ಅದ್ನ ಹೊರಗ್ ಕಳ್ಸಿ! ನಮ್ಮನಿ ಹೆಂಗ್ಸು ಅದು! ಕರ್ಕಂಡ್ ಹೋಗೂಕೆ ಬಂದದ್ದು ನಾ!"

ಡಾಕ್ಟರ್ ಬಾಯಿ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಹೋದರು. ನಡೆದದ್ದನ್ನೆಲ್ಲ ಹೊಲಿಯುವಾಗ ಅವರಿಗೆ ಹೇಳಿದ್ದೆ. ಉಡಿಕೆ ಅವರ ಕಡೆಯೂ ಇತ್ತು.

"ನಿಮ್ಮನಿಯಾಕಿನಽ? ಹಂಗಾದ್ರ ಉಡಿಕಿ ಆಗಿಲ್ಲ ಅಂದಂಗಾತು. ಮತ್ತ ಮಾಸ್ತರ್ ಹಲ್ಲು ಯಾಕ ಮುರದಿ? ಫೌಜದಾರರನ್ನ ಕರಸ್ಲೇನು?"

"ಆಗದೆ ಏನು? ಉಟ್ಕಂಡೇ ಕೂತದ್ಯಲ್ಲ! ಕಣ್ಣಿಲ್ಲಾ ನಿಮ್ಗೆ?"

"ಆಗಿದ್ರ ಈಕಿ ನಿಮ್ಮನಿಯಾಕಿ ಅಲ್ಲ. ಮಂದಿ ಮನಿ ಹೆಣ್ಮಗಳ ತಲಿ ಒಡದಿ. ಎರಡ್ರಾಗ ಯಾವುದು, ಒಂದು ಹೇಳು."

ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ. ಭಾವ ತನ್ನ ಮನೆಯವಳೆಂದರೆ ನಾನು ಹೋಗಬೇಕು. ಹೋದರೆ ಈ ಸೀರೆಯಲ್ಲೇ ನನ್ನನ್ನು ಸುಡುತ್ತಾರೆ. ಅವನು ನನ್ನನ್ನು ನೋಡಿದ, ಸೀರೆಯನ್ನು ನೋಡಿದ. ಅವನ ಸಿಟ್ಟೇ ನನ್ನನ್ನು ಕಾಯಿತು.

"ಅಲ್ಲ! ನಮ್ಮನಿ ಮಟ್ಟಿಗೆ ಸತ್ತೋಯ್ತು ಅದು!" ಎಂದು ಉಗಿದ. ಉಗಿದದ್ದು ಸಾಲದೆ ಮುಂದೆ ನುಗ್ಗಿ ಎಡಗೈ ಮುಷ್ಟಿಯನ್ನು ನನ್ನ ಹಣೆಗೇ ಗುದ್ದಿದ. ಹಾಕಿದ ಹೊಲಿಗೆಗಳು ಬಿಚ್ಚಿಕೊಂಡವು. ಪಟ್ಟೇವಾಲನೂ ಇಬ್ಬರು ಆಯಾಗಳೂ ಸೇರಿ ಅವನನ್ನು ನೆಲಕ್ಕೆ ಕೆಡವಿ ಮೇಲೆ ಕೂತರು. ಬಾಯಿ ನನ್ನನ್ನು ಮತ್ತೆ ಮೊದಲಿನಿಂದ ಹೊಲಿದರು. ಆಮೇಲೆ, ದವಾಖಾನೆಯ ಧರ್ಮ ಬಿಡಬಾರದಲ್ಲ, ಭಾವನ ತೋಳನ್ನೂ ಎಳೆದು ಕೂರಿಸಿದರು. ಅಗತ್ಯಕ್ಕಿಂತ ತುಸು ಹೆಚ್ಚೇ ಎಳೆದರೆಂದು ನನ್ನ ಅಂದಾಜು. ಆ ಕೂಗು ಸಮುದ್ರದ ದಂಡೆಯವರೆಗೆ ಕೇಳಿರಬೇಕು.

ಅವನನ್ನು ಕರೆದೊಯ್ದ ಮೇಲೆ ಹೆಡ್ ಕಾರಕೂನರು ನನ್ನೆದುರು ಕೂತರು. ಬಂದವರಲ್ಲಿ ಉಳಿದವಳು ನಾನೊಬ್ಬಳೇ ಆದ್ದರಿಂದ ಅವರಿಗೆ ಬೇರೆ ದಾರಿ ಇರಲಿಲ್ಲ. ಉರುಳಿದ ಬೆಂಚನ್ನು ಪಟ್ಟೇವಾಲ ಎತ್ತಿ ನಿಲ್ಲಿಸಿದ್ದ, ನಾನು ಅದರ ಮೇಲೆ ಒರಗಿದ್ದೆ.

"ಈಗ ಇರುವ ಠಿಕಾಣಿ?" ಎಂದು ಕೇಳಿದರು.

ಅವರ್ಸಾ ಎನ್ನುವಂತಿರಲಿಲ್ಲ. ಕಿನ್ನರದಲ್ಲಿ ಯಾರೂ ಇರಲಿಲ್ಲ. ಮಾಸ್ತರರ ಮನೆ ಎಂದರೆ ಉಡಿಕೆ ಖಾಯಂ ಆದೀತು.

"ಸದ್ಯಕ್ಕೆ ಈ ಬೆಂಚು ಅಂತ ಬರ್ಕಳಿ" ಎಂದೆ.

ಅವರು ಕಣ್ಣೆತ್ತಿ ನನ್ನನ್ನೊಮ್ಮೆ ನೋಡಿ, ಹಾಗೆಯೇ ಬರೆದುಕೊಂಡರು.