ಮೆಟ್ಟಿಲಿಳಿದ ಒಪ್ಪಂದ

ಊರಿಗೆ ಊರೇ ಅವನನ್ನು ಬುಗುರಿ ಎಂದು ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದುಕೊಂಡಿತ್ತು. ಐವತ್ತಾರು ವರ್ಷದ ಆ ಮನುಷ್ಯ ಒಂದು ಕಡೆ ತಳವೂರಿ ಕೂತದ್ದನ್ನು ಕಂಡವರಿಲ್ಲ. ಊಟವನ್ನೂ ಅಡುಗೆಮನೆಯ ಕಟ್ಟೆಗೆ ಒರಗಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಮುಗಿಸುತ್ತಿದ್ದ. ಹಡಗು ಕಂಪನಿಯಲ್ಲಿ ಗುಮಾಸ್ತಗಿರಿ ಹನ್ನೊಂದು ತಿಂಗಳು, ವಿಮೆ ಕಚೇರಿಯಲ್ಲಿ ಏಳು, ಗಡಿಯಾರ ರಿಪೇರಿಯಂತೂ ಒಂದೂವರೆ ದಿನ. ಕೂರಿಸಿದ ಕೆಲಸವನ್ನೆಲ್ಲ ಬಿಟ್ಟು ಎದ್ದು ಬಂದವನಿಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಹೇಳಿ ಮಾಡಿಸಿದಂಥ ಕೆಲಸ ಸಿಕ್ಕಿತು: ಪ್ರವಾಸಿಗರನ್ನು ಬೆನ್ನಿಗೆ ಕಟ್ಟಿಕೊಂಡು ಹಳೆಯ ಬಂದರು ಪಟ್ಟಣದ ತುಂಬ ಓಡುವುದು, ಓಡುತ್ತಲೇ ಇತಿಹಾಸ ಹೇಳುವುದು.

ಬೆಳಿಗ್ಗೆ ಆರಕ್ಕೆ ಗಡಿಯಾರ ಗೋಪುರದ ಕೆಳಗೆ ಶುರು. ಸುಂಕದ ಕಚೇರಿ, ಹಗ್ಗ ಹೊಸೆಯುವವರ ಓಣಿ, ಕೋಟೆಯ ಮುರುಕು ಗೋಡೆ, ಗೋದಾಮುಗಳ ಸಾಲು, ಕೊನೆಗೆ ಗುಡ್ಡದ ನೂರಹನ್ನೆರಡು ಮೆಟ್ಟಿಲು ಹತ್ತಿದರೆ ದೀಪಸ್ತಂಭ. ಒಟ್ಟು ಏಳು ಕಿಲೋಮೀಟರು.

ಓಡುತ್ತ ಕಥೆ ಹೇಳುವುದಕ್ಕೂ ಒಂದು ಕ್ರಮವಿದೆ. ಇಳಿಜಾರಿನಲ್ಲಿ ರಾಜವಂಶಗಳು, ಸಪಾಟು ರಸ್ತೆಯಲ್ಲಿ ಯುದ್ಧಗಳು, ಏರಿನಲ್ಲಿ ಬರೀ ಇಸವಿ. ಉಸಿರು ಪೂರ್ತಿ ಕಟ್ಟಿದ ಕಡೆ ನಿಂತು, ಸೊಂಟಕ್ಕೆ ಕೈಕೊಟ್ಟು, "ಇಲ್ಲೇ..." ಎಂದು ಬುಗುರಿ ತೊಡಗಿದನೆಂದರೆ, ಅಲ್ಲಿ ಏನಾದರೂ ಮಹತ್ವದ್ದು ನಡೆದಿರಲೇಬೇಕು. ನಡೆದಿರದಿದ್ದರೆ ಅದು ಆ ಜಾಗದ ತಪ್ಪು.

ತೊಂದರೆಯಾದದ್ದು ಒಪ್ಪಂದದ ವಿಷಯದಲ್ಲಿ. ಇನ್ನೂರು ವರ್ಷದ ಹಿಂದೆ ಪರದೇಶದ ಕಪ್ತಾನನೊಬ್ಬನೂ ಊರಿನ ವರ್ತಕರೂ ಸೇರಿ, ಬಂದರಿಗೆ ಯಾರ ಹಡಗು ಬಂದರೂ ತಡೆಯಬಾರದೆಂಬ ಕಾಗದಕ್ಕೆ ರುಜು ಹಾಕಿದ್ದು ಗುಡ್ಡದ ನೆತ್ತಿಯಲ್ಲಿ, ದೀಪಸ್ತಂಭದ ಬುಡದಲ್ಲಿ. ಮೊದಮೊದಲು ಬುಗುರಿಯೂ ಅದನ್ನು ಅಲ್ಲೇ ಹೇಳುತ್ತಿದ್ದ. ಎಡಮಂಡಿ ಕಿರುಗುಟ್ಟಲು ಶುರುವಾದ ವರ್ಷ ಒಪ್ಪಂದ ನೂರನೆಯ ಮೆಟ್ಟಿಲಿಗೆ ಇಳಿಯಿತು. ವಯಸ್ಸು ಐವತ್ತು ದಾಟಿದ ಮೇಲೆ ಅರವತ್ತನೆಯದಕ್ಕೆ. ಹೋದ ವರ್ಷದಿಂದ ಕಪ್ತಾನ ಗುಡ್ಡ ಹತ್ತುವ ಗೋಜಿಗೇ ಹೋಗುತ್ತಿರಲಿಲ್ಲ. ಕೆಳಗೆ ಶರಬತ್ತಿನ ಅಂಗಡಿಯ ಪಕ್ಕದ ಕಲ್ಲಿನ ಮೇಲೆ ರುಜು ಹಾಕಿ ಹಡಗು ಹತ್ತಿಬಿಡುತ್ತಿದ್ದ. ದೀಪಸ್ತಂಭ ಬೇಕಾದವರು ತಾವೇ ಹತ್ತಿ ನೋಡಿಕೊಂಡು ಬರಬೇಕು. ಶರಬತ್ತಿನಾಕೆ ಕಲ್ಲಿಗೆ ಸುಣ್ಣ ಬಳಿದು, "ಐತಿಹಾಸಿಕ ಒಪ್ಪಂದದ ಕಲ್ಲು" ಎಂಬ ಬೋರ್ಡನ್ನೂ ನೆಟ್ಟಿದ್ದಳು.

ಈಗ ಬುಗುರಿಯ ಮಾರ್ಗದರ್ಶಿ ಬಿಲ್ಲೆಯ ಅವಧಿ ಮುಗಿದಿತ್ತು. ಮೂರು ವರ್ಷಕ್ಕೊಮ್ಮೆ ಪ್ರವಾಸೋದ್ಯಮ ಕಚೇರಿಯಿಂದ ಪರಿವೀಕ್ಷಕರು ಬಂದು, ಜೊತೆಗೇ ಸಾಗಿ, ಎಲ್ಲ ಸರಿ ಇದ್ದರೆ ಹೊಸ ಬಿಲ್ಲೆ ಕೊಡುವುದು ಪದ್ಧತಿ. ಈ ಓಟದ ಪ್ರವಾಸ ನಡೆಸುವ ಕಂಪನಿಯ ಒಡತಿ, ಅವನ ಅರ್ಧ ವಯಸ್ಸಿನವಳು, ಮುಂಚಿತವಾಗಿಯೇ ಸಮಾಧಾನ ಹೇಳಿದ್ದಳು.

"ಅಂಕಲ್, ಬಿಲ್ಲೆ ಸಿಗ್ಲಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ. ಬುಕಿಂಗ್ ಕೌಂಟರ್‌ನಲ್ಲಿ ನಿಮಗೇ ಅಂತ ಜಾಗ ಇಟ್ಟಿದೀನಿ. ಫ್ಯಾನ್ ಕೆಳಗೆ. ಆರಾಮಾಗಿ ಕೂತ್ಕೊಂಡಿರಬಹುದು."

ಜೀವಾವಧಿ ಶಿಕ್ಷೆಯನ್ನು ಇಷ್ಟು ಪ್ರೀತಿಯಿಂದ ಯಾವ ನ್ಯಾಯಾಧೀಶರೂ ಓದಿ ಹೇಳಿರಲಾರರು.

ಪರೀಕ್ಷೆಯ ದಿನ ನಾಲ್ಕಕ್ಕೇ ಎದ್ದು ಮನೆಯೊಳಗೇ ಆರು ಸುತ್ತು ಹಾಕಿದ. ಹೆಂಡತಿ ಪಟ್ಟಿ ಹಿಡಿದು ಹಿಂದೆ ಬಂದಳು.

"ರೀ, ಒಂದ್ ನಿಮಿಷ ನಿಂತ್ಕೊಳ್ಳಿ, ಮಂಡಿಗೆ ಕಟ್ತೀನಿ."

"ನೀನು ಕಟ್ಟು, ನಾನು ನಡೀತಾ ಇರ್ತೀನಿ."

"ನಡೆಯೋ ಮಂಡಿಗೆ ಪಟ್ಟಿ ಕಟ್ಟೋಕೆ ನಾನೇನ್ ಸರ್ಕಸ್‌ನವಳಾ?"

"ಅವರು ನನ್ನ ಕೌಂಟರ್‌ನಲ್ಲಿ ಕೂರಿಸಿಬಿಟ್ರೆ ಸತ್ತೇ ಹೋಗ್ತೀನಿ ಕಣೇ."

"ಇಪ್ಪತ್ತೆಂಟು ವರ್ಷದಿಂದ ಪೋಸ್ಟ್ ಆಫೀಸ್ ಕೌಂಟರ್‌ನಲ್ಲಿ ಕೂತಿದೀನಿ. ನಾನೇನ್ ಸತ್ತೆನಾ?" ಎಂದು ಅವಳು ಪಟ್ಟಿಯನ್ನು ತುಸು ಬಿಗಿಯಾಗಿಯೇ ಎಳೆದಳು.

ಪರಿವೀಕ್ಷಕಿ ಸೈಕಲ್ಲಿನಲ್ಲಿ ಬಂದಳು. ತಲೆಗೆ ಹೆಲ್ಮೆಟ್ಟು, ಹ್ಯಾಂಡಲ್ಲಿಗೆ ಕಟ್ಟಿದ ರಟ್ಟಿನ ಮೇಲೆ ನಮೂನೆಯ ಹಾಳೆ, ಕೊರಳಲ್ಲಿ ಸೀಟಿ. ತಂಡದ ವೇಗದಲ್ಲೇ ಸಾಗಬೇಕೆಂದು ನಿಯಮವಿದೆ, ಯಾವುದರ ಮೇಲೆ ಎಂದು ನಿಯಮದಲ್ಲಿಲ್ಲ ಎಂದು ಆಕೆ ಯಾರೂ ಕೇಳದಿದ್ದರೂ ವಿವರಿಸಿದಳು. ಪ್ರವಾಸಿಗರು ಆರು ಜನ.

ಬುಗುರಿಗೆ ಛಲ ಹತ್ತಿತು. ಎಂದಿಗಿಂತ ಜೋರಾಗಿ ಓಡಿದ. ಸುಂಕದ ಕಚೇರಿಯ ಬೆಂಕಿ ಅನಾಹುತವನ್ನು ಬೆಂಕಿ ಆರುವ ಮೊದಲೇ ದಾಟಿದ. ಕೋಟೆಯ ಮುತ್ತಿಗೆ ನಡೆದದ್ದು ಎಂಟು ತಿಂಗಳು, ಅವನು ಮುಗಿಸಿದ್ದು ಇಪ್ಪತ್ತು ಹೆಜ್ಜೆಯಲ್ಲಿ. ಹಿಂದೆ ಸೈಕಲ್ಲಿನ ಗಂಟೆ ಮೆಚ್ಚಿಗೆಯಿಂದಲೋ ಎಚ್ಚರಿಕೆಯಿಂದಲೋ ಮೊಳಗುತ್ತಲೇ ಇತ್ತು. ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ಅವನ ಎದೆ ತಿದಿಯಂತಾಗಿತ್ತು. ಕಾಲುಗಳು ತಾವಾಗಿಯೇ ಬಿಳಿ ಕಲ್ಲಿನ ಪಕ್ಕ ನಿಂತವು. ಕೈ ಸೊಂಟಕ್ಕೆ ಹೋಯಿತು.

"ಇಲ್ಲೇ..." ಎಂದ.

"ತಡೀರಿ," ಎಂದಳು ಪರಿವೀಕ್ಷಕಿ. "ಒಪ್ಪಂದ ಮೇಲೆ ಆಗಿದ್ದು ಅಂತ ನಮ್ಮ ದಾಖಲೆಲಿದೆ."

"ದಾಖಲೆಗೇನ್ ಗೊತ್ತು ಮೇಡಂ?" ಎಂದು ಶರಬತ್ತಿನಾಕೆ ನಡುವೆ ಬಾಯಿ ಹಾಕಿದಳು. "ದಿನಾ ಇಲ್ಲಿ ಇರೋಳು ನಾನು. ಬೋರ್ಡ್ ಓದಿ."

ಅಷ್ಟರಲ್ಲಿ ಪ್ರವಾಸಿಗರಲ್ಲೊಬ್ಬ, ಪಾಪ, ಸಹಾಯ ಮಾಡಲು ಹೋದ. "ಇಲ್ಲ ಮೇಡಂ, ಅದು ಅರವತ್ತನೇ ಮೆಟ್ಟಿಲು. ನಾಲ್ಕು ವರ್ಷದ ಹಿಂದೆ ನಮ್ಮಣ್ಣ ಇವರ ಜೊತೇಲೇ ಓಡಿ, ಅಲ್ಲಿ ಫೋಟೋ ತೆಗೆಸ್ಕೊಂಡಿದ್ದ. ಫ್ರೇಮ್ ಹಾಕ್ಸಿ ಹಾಲ್‌ನಲ್ಲಿ ಇಟ್ಟಿದೀವಿ."

ಬುಗುರಿ ಕಲ್ಲನ್ನು ನೋಡಿದ, ಮೆಟ್ಟಿಲನ್ನು ನೋಡಿದ. ಹೊಸ ಸುಳ್ಳು ಹೇಳುವುದಕ್ಕೂ ಉಸಿರು ಬೇಕು, ಅದು ಅವನಲ್ಲಿ ಇರಲಿಲ್ಲ.

"ಮೇಲೇ ಆಗಿದ್ದು ಮೇಡಂ," ಎಂದ. "ನನ್ನ ಉಸಿರು ಇಲ್ಲಿಗೆ ಮುಗಿಯುತ್ತೆ. ಅದಕ್ಕೇ ಕಪ್ತಾನನ್ನೂ ಇಲ್ಲಿಗೇ ಕರ್ಕೊಂಡು ಬಂದೆ."

ಪರಿವೀಕ್ಷಕಿ ಪೆನ್ನಿನ ಮುಚ್ಚಳ ಹಾಕಿದಳು. "ಮೇಲಾಗಿದ್ದನ್ನ ಮೇಲೇ ಹೇಳಿ. ಓಡಿಕೊಂಡೇ ಹೋಗ್ಬೇಕು. ಬಿಲ್ಲೆ ಓಟದ್ದು ತಾನೇ?"

ಅವನು ಓಡಿದ. ನಲವತ್ತರವರೆಗೆ ಮಂಡಿ ಸುಮ್ಮನಿತ್ತು. ಅರವತ್ತರಲ್ಲಿ ಕಾಲು ಅಭ್ಯಾಸಬಲದಿಂದ ತಡವರಿಸಿತು. ಹಿಂದೆ ಬಾಡಿಗೆಗಿದ್ದ ಮನೆಯ ಮುಂದೆ ಹಾದಂತೆ. ಎಂಬತ್ತರಿಂದ ಕೈಕಂಬಿ ಹಿಡಿದ. ನೂರರಲ್ಲಿ ಒಪ್ಪಂದ, ಕಪ್ತಾನ, ಬಂದರು ಎಲ್ಲವನ್ನೂ ಒಂದೇ ಮಾತಿನಲ್ಲಿ ಶಪಿಸಿದ. ನೆತ್ತಿ ಮುಟ್ಟಿ, ಪ್ರವಾಸಿಗರ ಕಡೆ ತಿರುಗಿ ಬಾಯಿ ತೆರೆದರೆ ಗಾಳಿ ಬಂತೇ ಹೊರತು ಮಾತು ಬರಲಿಲ್ಲ.

ಸೈಕಲ್ಲನ್ನು ಕೆಳಗೇ ಬಿಟ್ಟು ಬರಬೇಕಾಗಿದ್ದ ಪರಿವೀಕ್ಷಕಿ ಆಮೇಲೆ ಬಂದಳು. ಹೆಲ್ಮೆಟ್ಟು ಕಂಕುಳಲ್ಲಿತ್ತು. ಏನೋ ಹೇಳಲು ಹೋಗಿ, ಆಗದೆ ದೀಪಸ್ತಂಭದ ಕಟ್ಟೆಯ ಮೇಲೆ ಕುಸಿದಳು.

"ಇಲ್ಲೇನಾಯ್ತು?" ಎಂದು ಕೇಳಿದ ಫೋಟೋದ ಅಣ್ಣನ ತಮ್ಮ.

ಬುಗುರಿ ಒಂದು ಬೆರಳೆತ್ತಿದ. ಪರಿವೀಕ್ಷಕಿಯೂ ಒಂದು ಬೆರಳೆತ್ತಿದಳು.

ಎರಡು ನಿಮಿಷ ಕಳೆದ ಮೇಲೆ ಅವನು ಶುರು ಮಾಡಿದ. ಕೆಳಗಿನ ಕಲ್ಲಿನ ಬಳಿ ಹೇಳುವಾಗ ಎದುರಿಗೆ ಕಾಣುತ್ತಿದ್ದುದು ಶರಬತ್ತಿನ ಸೀಸೆಗಳು. ಇಲ್ಲಿ ಇಡೀ ಬಂದರು ಅಂಗೈಯಲ್ಲಿಟ್ಟಂತೆ ಬಿದ್ದಿತ್ತು. ಬಂಡೆಗಳ ನಡುವಿನ ಹಡಗಿನ ದಾರಿ ನೀಲಿ ಗೆರೆಯಾಗಿ ಕಾಣುತ್ತಿತ್ತು. ಕಪ್ತಾನ ಬೆರಳು ಮಾಡಿ ತೋರಿಸಿದ್ದು ಅದನ್ನೇ. ಬುಗುರಿಯೂ ತೋರಿಸಿದ. ಎಲ್ಲರೂ ಆ ಕಡೆ ತಿರುಗಿದರು, ಪರಿವೀಕ್ಷಕಿಯೂ.

ಕೊನೆಗೆ ಆಕೆ ಹಾಳೆಯಲ್ಲಿ ಬರೆದಳು. "ಮೂರು ವರ್ಷಕ್ಕೆ ಕೊಡಲ್ಲ. ಆರು ತಿಂಗಳು. ಆಮೇಲೆ ಮತ್ತೆ ನೋಡ್ತೀವಿ. ಒಪ್ಪಂದ ಇಲ್ಲಿಂದ ಒಂದು ಮೆಟ್ಟಿಲೂ ಕದಲಬಾರದು."

"ಮತ್ತೆ ನೀವೇ ಬರ್ತೀರಾ ಮೇಡಂ?"

ಆಕೆ ಮೆಟ್ಟಿಲ ಸಾಲನ್ನು ಒಮ್ಮೆ ಇಣುಕಿದಳು. "ನಮ್ಮಲ್ಲಿ ಇನ್ನೊಬ್ರು ಇದಾರೆ. ಚಿಕ್ಕ ವಯಸ್ಸು."

ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೆಂಡತಿ ಫೋನ್ ಮಾಡಿದಳು.

"ಏನಾಯ್ತು?"

"ಆರು ತಿಂಗಳು."

"ಸದ್ಯ! ಮನೇಗೆ ಹೋಗಿ ಕಾಲು ಚಾಚಿ ಮಲಗಿ." ಅಷ್ಟರಲ್ಲಿ ಕಿವಿಗೊಟ್ಟಳು. "ಯಾಕ್ರೀ ಏದುಸಿರು? ಎಲ್ಲಿದೀರಿ?"

"ಮಾತಾಡ್ತಾ ಹತ್ತೋಕಾಗುತ್ತಾ ಅಂತ ನೋಡ್ತಿದೀನಿ."

"ಯಾರ ಜೊತೆ?"

"ಯಾರೂ ಇಲ್ಲ."

"ರೀ, ನಿಮಗೇನ್ ಹುಚ್ಚಾ? ಎಷ್ಟನೇ ಸಲ ಇದು?"

"ಅರವತ್ತೆಂಟು," ಎಂದ ಅವನು. ಅದು ಮೆಟ್ಟಿಲಿನ ಲೆಕ್ಕ ಎಂದು ಬಿಡಿಸಿ ಹೇಳಲು ಹೋಗದೆ ಫೋನನ್ನು ಜೇಬಿಗೆ ಹಾಕಿಕೊಂಡ. ಮೇಲೆ ಇನ್ನೂ ನಲವತ್ತನಾಲ್ಕು ಉಳಿದಿದ್ದವು, ಕಥೆಯಲ್ಲಿ ಕಪ್ತಾನ ಇನ್ನೂ ದೋಣಿಯಿಂದ ಇಳಿದಿರಲಿಲ್ಲ.